ಮೂರರಲ್ಲಿ ಎರಡನೆಯದು: ಫ್ಯಾಂಟಸಿ ತ್ರಿವಳಿಯ ನಡುವಿನ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯುವ ಬಗೆ

"ಮೊದಲನೆಯದರಷ್ಟು ಇಲ್ಲ. ತುಂಬಾ ನಿಧಾನ. ಕೊನೆಯ ಐವತ್ತು ಪುಟ ಮಾತ್ರ ಸೂಪರ್. 3 ಸ್ಟಾರ್."

ಫ್ಯಾಂಟಸಿ ತ್ರಿವಳಿಯ ಎರಡನೇ ಪುಸ್ತಕದ ಬಗ್ಗೆ ಓದುಗರು ಬರೆಯುವುದರಲ್ಲಿ ಬಹಳಷ್ಟು ಹೀಗೇ ಇರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಏನೆಂದರೆ, ಈ ನಾಲ್ಕು ಸಾಲನ್ನು ಯಾವ ತ್ರಿವಳಿಯ ಎರಡನೇ ಪುಸ್ತಕದ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಇಂಥ ಅಭಿಪ್ರಾಯ ಹುಡುಕಿಕೊಂಡು ಬರುವವರು ಹೆಚ್ಚಾಗಿ ಎರಡು ಬಗೆ. ಮೊದಲ ಪುಸ್ತಕ ಮುಗಿಸಿ ಮುಂದುವರಿಯಲೋ ಬೇಡವೋ ಅನ್ನುತ್ತಿರುವವರು ಒಂದು, ಎರಡನೆಯದರ ನಡುವೆ ಸಿಕ್ಕಿಬಿದ್ದು "ಮುಂದೆ ಏನಾದರೂ ಆಗುತ್ತದಾ?" ಅನ್ನುವವರು ಇನ್ನೊಂದು. ಇಬ್ಬರಿಗೂ ಬೇಕಾದ ಮಾಹಿತಿ ಒಂದೇ: ಎಲ್ಲಿ ಎಳೆಯುತ್ತದೆ, ಯಾಕೆ ಎಳೆಯುತ್ತದೆ, ಎಷ್ಟು ಪುಟ ಎಳೆಯುತ್ತದೆ.

ಓದುವ ಮೊದಲು

ಮೊದಲ ಪುಸ್ತಕ ಓದಿ ಆರು ತಿಂಗಳು ದಾಟಿದ್ದರೆ ನೇರವಾಗಿ ಎರಡನೆಯದಕ್ಕೆ ಕೈ ಹಾಕಬೇಡಿ. ಮೊದಲನೆಯದರ ಕೊನೆಯ ಮೂರು ಅಧ್ಯಾಯ, ಭೂಪಟ, ಪಾತ್ರಗಳ ಪಟ್ಟಿ ಇದ್ದರೆ ಅದು, ಇಷ್ಟನ್ನು ತಿರುವಿಹಾಕಲು ಒಂದು ಗಂಟೆ ಸಾಕು. ಇದನ್ನು ಮಾಡದವರ ಬರಹದಲ್ಲಿ "ಪಾತ್ರಗಳೆಲ್ಲ ಗೊಂದಲ" ಎಂಬ ದೂರು ಬಂದೇ ಬರುತ್ತದೆ. ಅದು ಪುಸ್ತಕದ ದೋಷವೋ ಬರೆದವರ ಮರೆವೋ ಓದುವವರಿಗೆ ಗೊತ್ತಾಗುವುದಿಲ್ಲ. ಉಲ್ಟಾ ಕೂಡ ನಡೆಯುತ್ತದೆ: ನಿನ್ನೆ ಮೊದಲನೆಯದು ಮುಗಿಸಿ ಇವತ್ತು ಎರಡನೆಯದು ಶುರುಮಾಡಿದವರಿಗೆ, ಹಿಂದಿನ ಕಥೆ ನೆನಪಿಸಲೆಂದೇ ಸೇರಿಸಿದ ಆರಂಭದ ಪುಟಗಳು ಚರ್ವಿತಚರ್ವಣ ಅನಿಸುತ್ತವೆ. ಆದ್ದರಿಂದ ಎರಡು ಪುಸ್ತಕಗಳ ಓದಿನ ನಡುವೆ ಎಷ್ಟು ಅಂತರವಿತ್ತು ಎಂದು ಅಭಿಪ್ರಾಯದ ಮೊದಲ ಸಾಲಿನಲ್ಲೇ ಹೇಳಿಬಿಡಿ.

ತ್ರಿವಳಿ ಹೇಗೆ ಹುಟ್ಟಿತು ಎಂಬುದನ್ನೂ ಎರಡು ನಿಮಿಷ ನೋಡಿಕೊಳ್ಳಿ. ಎಲ್ಲ ನಡುವಿನ ಪುಸ್ತಕಗಳೂ ಒಂದೇ ಜಾತಿಯವಲ್ಲ. ಟಾಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು ಬರೆದದ್ದು ಒಂದೇ ಕಾದಂಬರಿಯಾಗಿ. ಒಳಗೆ ಆರು ಭಾಗ. ಮೂರು ಸಂಪುಟವಾಗಿ ಒಡೆದದ್ದು ಪ್ರಕಾಶಕರು, ಮುದ್ರಣದ ಖರ್ಚಿನ ಲೆಕ್ಕಾಚಾರಕ್ಕೆ. 1954ರ ನವೆಂಬರಿನಲ್ಲಿ ಬಂದ 'ದಿ ಟೂ ಟವರ್ಸ್' ಅಂದರೆ ಆ ಆರರಲ್ಲಿ ಮೂರನೆಯ ಮತ್ತು ನಾಲ್ಕನೆಯ ಭಾಗ, ಅಷ್ಟೆ. "ಇದಕ್ಕೆ ಸರಿಯಾದ ಆರಂಭವೂ ಇಲ್ಲ, ಅಂತ್ಯವೂ ಇಲ್ಲ" ಎಂದು ಅದರ ಮೇಲೆ ಹರಿಹಾಯುವುದು, ಕಬ್ಬನ್ನು ಮೂರು ತುಂಡು ಮಾಡಿ ನಡುವಿನ ತುಂಡಿಗೆ ಬೇರಿಲ್ಲ ಎಂದಂತೆ. ಅರ್ಸುಲಾ ಲೆ ಗ್ವಿನ್ ಅವರ 'ದಿ ಟೂಂಬ್ಸ್ ಆಫ್ ಅಟುವಾನ್' ಇದಕ್ಕೆ ತೀರಾ ಬೇರೆ. ಅರ್ತ್‌ಸೀ ಸರಣಿಯ ಈ ಎರಡನೇ ಪುಸ್ತಕ ಟೆನಾರ್ ಎಂಬ ಹುಡುಗಿಯ ಕಥೆ, ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಮೊದಲ ಪುಸ್ತಕದ ನಾಯಕ ಗೆಡ್ ಕಾಣಿಸಿಕೊಳ್ಳುವುದೇ ಕಥೆ ಸಾಕಷ್ಟು ಮುಂದೆ ಹೋದ ಮೇಲೆ. ಈ ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲು ಬರುವುದಿಲ್ಲ. ನಿಮ್ಮ ಕೈಲಿರುವುದು ತುಂಡರಿಸಿದ ಕಾದಂಬರಿಯೋ, ತನ್ನದೇ ಕಥೆಯುಳ್ಳ ಪುಸ್ತಕವೋ? ಇದನ್ನು ತೀರ್ಮಾನಿಸಿಕೊಂಡರೆ ಮುಂದಿನ ಅರ್ಧ ಕೆಲಸ ಹಗುರ.

ಓದುವಾಗ: ನಾಲ್ಕು ನಿಲುಗಡೆ

ಒಂದು ಚೀಟಿ ಪುಸ್ತಕದೊಳಗೆ ಇರಲಿ. 480 ಪುಟದ ಪುಸ್ತಕವಾದರೆ 120, 240, 360ರಲ್ಲಿ ಮತ್ತು ಕೊನೆಯಲ್ಲಿ ನಿಂತು ಮೂರು ಸಾಲು ಬರೆಯಿರಿ: ನಾಯಕಪಾತ್ರಕ್ಕೆ ಈಗ ಏನು ಬೇಕಾಗಿದೆ, ಹಿಂದಿನ ನಿಲುಗಡೆಯಿಂದ ಇಲ್ಲಿಗೆ ಏನು ಬದಲಾಯಿತು, ಓದುತ್ತಿರುವ ನಮ್ಮ ಮೂಡ್ ಹೇಗಿದೆ. ಮೂರನೆಯದು ತಮಾಷೆಯಲ್ಲ, ಪರೀಕ್ಷೆಯ ನಡುವೆ ಓದಿದ 120 ಪುಟಕ್ಕೂ ರಜೆಯಲ್ಲಿ ಓದಿದ 120 ಪುಟಕ್ಕೂ ವ್ಯತ್ಯಾಸವಿದೆ. ಇ-ಪುಸ್ತಕವಾದರೆ ಪುಟದ ಬದಲು ಶೇಕಡಾ ಲೆಕ್ಕ ಹಿಡಿಯಿರಿ, ಆಡಿಯೋ ಆದರೆ ಅಧ್ಯಾಯದ ಸಂಖ್ಯೆ. ಆಡಿಯೋದಲ್ಲಿ ಓದುವ ದನಿ ಮೊದಲ ಪುಸ್ತಕದ್ದೇ ಇದೆಯೋ ಬದಲಾಗಿದೆಯೋ ಎಂದೂ ಬರೆದುಕೊಳ್ಳಿ. ದನಿ ಬದಲಾದಾಗ ಪಾತ್ರವೇ ಬದಲಾದಂತೆ ಅನಿಸಿ ಸಿಟ್ಟು ಲೇಖಕರ ಮೇಲೆ ಹೋಗುತ್ತದೆ.

ಚೀಟಿ ಯಾಕೆ ಬೇಕೆಂದರೆ, ನಡುವಿನ ಪುಸ್ತಕಗಳು ಕೊನೆಯಲ್ಲಿ ಜೋರಾಗಿ ಓಡುತ್ತವೆ. ಯುದ್ಧ, ದ್ರೋಹ, ಸಾವು ಎಲ್ಲ ಕೊನೆಯ ನೂರು ಪುಟಕ್ಕೆ ಬಂದು ಬೀಳುತ್ತದೆ. ಅದನ್ನು ಮುಗಿಸಿದ ಬಿಸಿಯಲ್ಲಿ ಬರೆಯಲು ಕೂತರೆ ಮೊದಲ ಮುನ್ನೂರು ಪುಟ ನೆನಪಿನಲ್ಲಿ "ನಿಧಾನ" ಎಂಬ ಒಂದೇ ಪದವಾಗಿ ಕುಗ್ಗಿರುತ್ತದೆ.

"ನಿಧಾನ" ಅಂದರೆ ಏನು?

ಇದೊಂದು ಪದ ಬಿಡಿಸಲು ಕಲಿತರೆ ಅಭಿಪ್ರಾಯ ತಾನಾಗಿ ಗಟ್ಟಿಯಾಗುತ್ತದೆ. ಅನುಮಾನವಿರುವ ಭಾಗದ ಅಧ್ಯಾಯಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ: ಅಧ್ಯಾಯದ ಆರಂಭಕ್ಕೂ ಕೊನೆಗೂ ನಡುವೆ ಯಾರದಾದರೂ ಸ್ಥಿತಿ, ತಿಳಿವಳಿಕೆ ಅಥವಾ ಸಂಬಂಧ ಬದಲಾಯಿತೇ? ಬದಲಾಗಿದ್ದರೆ ಗುರುತು ಹಾಕಿ. ಸತತ ಮೂರು ಅಧ್ಯಾಯಕ್ಕೆ ಗುರುತು ಬೀಳದಿದ್ದರೆ ಕಥೆ ಗಾಣದೆತ್ತಿನ ಹಾಗೆ ಸುತ್ತುತ್ತಿದೆ, ಧೈರ್ಯವಾಗಿ ಬರೆಯಿರಿ. ಗುರುತುಗಳು ಬಿದ್ದಿದ್ದೂ ಬೇಸರವಾಗಿದ್ದರೆ ಕಾರಣ ಬೇರೆ ಎಲ್ಲೋ ಇದೆ.

ಸಾಮಾನ್ಯವಾಗಿ ಆ ಕಾರಣ ಇವುಗಳಲ್ಲಿ ಒಂದು. ಪ್ರಯಾಣ ಉದ್ದವಾಗಿದೆ, ದಾರಿಯಲ್ಲಿ ಸಿಗುವ ಪ್ರತಿ ಊರಿನ ಇತಿಹಾಸ ಹೇಳಲಾಗುತ್ತಿದೆ. ಇದು ಕೆಲವರಿಗೆ ಹಬ್ಬ, ಕೆಲವರಿಗೆ ಶಿಕ್ಷೆ. ಯಾವುದೆಂದು ಹೇಳದೆ "ಊರುಗಳ ವಿವರ ಹೆಚ್ಚು" ಎಂದರೆ ಓದುವವರೇ ನಿರ್ಧರಿಸಿಕೊಳ್ಳುತ್ತಾರೆ. ಅಥವಾ ನಮಗೆ ಮೊದಲೇ ಗೊತ್ತಾದ ಗುಟ್ಟು ಪಾತ್ರಗಳಿಗೆ ಗೊತ್ತಾಗಲು ಇನ್ನೂರು ಪುಟ ಹಿಡಿಯುತ್ತಿದೆ. ಇದು ನಿಜವಾದ ಕಟ್ಟಡದ ದೋಷ, ಯಾವ ಪುಟದಲ್ಲಿ ನೀವು ಊಹಿಸಿದಿರಿ, ಯಾವ ಪುಟದಲ್ಲಿ ಬಯಲಾಯಿತು ಎಂದು ಕೊಡಿ. ಇಲ್ಲವೇ ದೊಡ್ಡ ಖಳನನ್ನು ಮೂರನೇ ಪುಸ್ತಕಕ್ಕೆ ಉಳಿಸಿಕೊಂಡಿರುವುದರಿಂದ ಇಲ್ಲಿ ಅವನ ಚಿಲ್ಲರೆ ಬಂಟರ ಜತೆ ಮಾತ್ರ ಹೊಡೆದಾಟ. ಗೆದ್ದರೂ ಗೆದ್ದಂತಾಗುವುದಿಲ್ಲ.

ನಾಲ್ಕನೆಯ ಕಾರಣ ಕಥೆಯ ಎಳೆಗಳು ಒಡೆಯುವುದು. ಮೊದಲ ಪುಸ್ತಕದಲ್ಲಿ ಒಟ್ಟಿಗಿದ್ದ ತಂಡ ಎರಡನೆಯದರಲ್ಲಿ ಚದುರುತ್ತದೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಇಲ್ಲಿ ಬೈಯುವ ಮೊದಲು ಲೆಕ್ಕ ಹಾಕಿ: ಯಾವ ಎಳೆಗೆ ಎಷ್ಟು ಪುಟ, ಒಂದು ಎಳೆ ಬಿಟ್ಟು ಮತ್ತೆ ಬರಲು ಎಷ್ಟು ಪುಟ ಅಂತರ. 'ದಿ ಟೂ ಟವರ್ಸ್'ನಲ್ಲಿ ಈ ಅಂತರ ಅತಿ ದೊಡ್ಡದು: ಮೊದಲರ್ಧದಲ್ಲಿ ನಾಯಕ ಫ್ರೋಡೋನ ಮುಖವೇ ಕಾಣುವುದಿಲ್ಲ, ಎರಡನೇ ಅರ್ಧದಲ್ಲಿ ಇನ್ನೊಂದು ಮುಖ್ಯ ಪಾತ್ರವಾದ ಅರಗಾರ್ನ್‌ನದು ಕಾಣುವುದಿಲ್ಲ. ಇದರಿಂದ ಏನು ಸಿಕ್ಕಿತು, ಏನು ಕಳೆಯಿತು ಎಂಬ ಬಗ್ಗೆ ಜಗಳವಾಡಬಹುದು, ಆದರೆ "ಎಳೆಗಳು ಅದಲುಬದಲಾಗಿ ಬರುವುದಿಲ್ಲ, ಅರ್ಧ ಪುಸ್ತಕ ಕಾಯಬೇಕು" ಎಂಬ ಮಾಹಿತಿ ಯಾವ ಸ್ಟಾರ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಫಿಲಿಪ್ ಪುಲ್ಮನ್ ಅವರ 'ದಿ ಸಟಲ್ ನೈಫ್' ಶುರುವಾಗುವುದೇ ಮೊದಲ ಪುಸ್ತಕದಲ್ಲಿ ಇಲ್ಲದ ವಿಲ್ ಎಂಬ ಹುಡುಗನಿಂದ. ಮೊದಲ ಪುಸ್ತಕದ ನಾಯಕಿ ಲೈರಾಳನ್ನೇ ನಿರೀಕ್ಷಿಸಿ ಕೂತವರಿಗೆ ಆ ಮೊದಲ ಅಧ್ಯಾಯ ತಪ್ಪು ಪುಸ್ತಕ ತೆರೆದಂತೆ. ಹೊಸ ಪಾತ್ರ ಬಂದಾಗ ಅದಕ್ಕೆ ಕನಿಷ್ಠ ಮೊದಲ ಕಾಲುಭಾಗದ ಅವಕಾಶ ಕೊಟ್ಟು ಆಮೇಲೆ ಬರೆಯಿರಿ.

ಮಾಟದ ಬೆಲೆ

ಫ್ಯಾಂಟಸಿಗೇ ಸೇರಿದ ಒಂದು ಪರೀಕ್ಷೆಯನ್ನು ಎರಡನೇ ಪುಸ್ತಕದಲ್ಲಿ ತಪ್ಪದೆ ಮಾಡಬೇಕು. ಮೊದಲ ಪುಸ್ತಕ ಮಂತ್ರವಿದ್ಯೆಗೆ ಒಂದು ಬೆಲೆ ಕಟ್ಟಿರುತ್ತದೆ: ಬಳಸಿದರೆ ಆಯಸ್ಸು ಕಡಿಮೆಯಾಗುತ್ತದೆ, ನೆನಪು ಅಳಿಯುತ್ತದೆ, ಲೋಹ ಖರ್ಚಾಗುತ್ತದೆ, ಹೀಗೆ ಏನೋ ಒಂದು. ಎರಡನೆಯದರಲ್ಲಿ ಪಾತ್ರಗಳು ಬಲಿಷ್ಠರಾಗಬೇಕು, ಆ ಒತ್ತಡದಲ್ಲಿ ಲೇಖಕರು ಬೆಲೆಯನ್ನು ಮೆಲ್ಲಗೆ ಮರೆಯುತ್ತಾರೆ. ಮೊದಲ ಪುಸ್ತಕದ ನಿಯಮವನ್ನು ಚೀಟಿಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ, ಮುರಿದ ಪುಟ ಸಿಕ್ಕಾಗ ಸಂಖ್ಯೆ ಹಾಕಿ. ಮುರಿದದ್ದಕ್ಕೆ ಕಥೆಯೊಳಗೆ ಕಾರಣ ಕೊಟ್ಟಿದ್ದರೆ ಅದು ನಿಯಮದ ವಿಸ್ತರಣೆ. ಕಾರಣವಿಲ್ಲದೆ ಸಂಕಟದ ಹೊತ್ತಿಗೆ ಹೊಸ ಶಕ್ತಿ ಉದುರಿದ್ದರೆ ಅದು ಮೋಸ. ಒಂದು ಎಚ್ಚರಿಕೆ: ಕಾರಣ ಮೂರನೇ ಪುಸ್ತಕದಲ್ಲಿ ಬರುವ ಸಾಧ್ಯತೆ ಇರುತ್ತದೆ, ಆದ್ದರಿಂದ "ಇಲ್ಲಿಯವರೆಗೆ ವಿವರಣೆ ಇಲ್ಲ" ಎಂದರೆ ಸಾಕು.

ಅಂತ್ಯದ ಬಗ್ಗೆ ಚಿಕ್ಕದಾಗಿ. "ಅರ್ಧಕ್ಕೆ ನಿಲ್ಲಿಸಿದ್ದಾರೆ" ಎನ್ನುವ ಮೊದಲು, ಈ ಪುಸ್ತಕ ತಾನೇ ಎತ್ತಿದ ಪ್ರಶ್ನೆ ಯಾವುದು ಎಂದು ಹುಡುಕಿ. ಅದಕ್ಕೆ ಉತ್ತರ ಕೊಟ್ಟು ಆಮೇಲೆ ಹೊಸ ಗಂಡಾಂತರದಲ್ಲಿ ನಿಲ್ಲಿಸಿದ್ದರೆ ತಕರಾರು ಇರಬಾರದು. ಉತ್ತರವೇ ಕೊಡದೆ ನಿಲ್ಲಿಸಿದ್ದರೆ ತಕರಾರು ನ್ಯಾಯ.

ಗುಟ್ಟು ಸೋರುವ ಜಾಗಗಳು

ಎರಡನೇ ಪುಸ್ತಕದ ಬಗ್ಗೆ ಬರೆಯುವವರು ಎರಡು ಪುಸ್ತಕಗಳ ಗುಟ್ಟು ಕಾಯಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಈ ಪುಸ್ತಕದ ತಿರುವುಗಳನ್ನು ಜೋಪಾನವಾಗಿ ಮುಚ್ಚಿಟ್ಟು, "ಗುರುಗಳ ಪಾತ್ರ ಇಲ್ಲಿ ಇನ್ನೂ ಚೆನ್ನಾಗಿ ಬಂದಿದೆ" ಎಂದು ಬರೆಯುತ್ತಾರೆ. ಮೊದಲ ಪುಸ್ತಕದ ಕೊನೆಯಲ್ಲಿ ಗುರು ಸತ್ತನೋ ಉಳಿದನೋ ಎಂಬುದೇ ಪ್ರಶ್ನೆಯಾಗಿದ್ದರೆ ಅಲ್ಲಿಗೆ ಮುಗಿಯಿತು. ಹೆಸರಿಸುವ ಪ್ರತಿ ಪಾತ್ರಕ್ಕೂ ಕೇಳಿಕೊಳ್ಳಿ: ಈ ವ್ಯಕ್ತಿ ಬದುಕಿದ್ದಾನೆ, ಈ ಪಕ್ಷದಲ್ಲಿದ್ದಾನೆ ಎಂಬುದೇ ಸುದ್ದಿಯೇ? ಹೌದಾದರೆ ಹೆಸರು ಬಿಡಿ. ಅಭಿಪ್ರಾಯದ ಶೀರ್ಷಿಕೆ ಮತ್ತು ಮೊದಲ ಎರಡು ಸಾಲು ತೆರೆಯದೆಯೇ ಕಾಣುತ್ತವೆ, ಅಲ್ಲಿ ಕಥೆಯ ಯಾವ ಸಂಗತಿಯೂ ಬೇಡ. ಆಮೇಲೆ "ಮೊದಲ ಪುಸ್ತಕ ಮುಗಿಸದವರು ಇಲ್ಲಿಗೆ ನಿಲ್ಲಿಸಿ" ಎಂಬ ಸಾಲು, ಅದರ ಕೆಳಗೆ ಉಳಿದದ್ದು. ಹಿಂಬದಿಯ ರಕ್ಷಾಪುಟದಲ್ಲೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳಬೇಡಿ. ಎರಡನೇ ಪುಸ್ತಕದ ರಕ್ಷಾಪುಟದಷ್ಟು ಬಾಯಿಬಡುಕ ಇನ್ನೊಂದಿಲ್ಲ.

ಸ್ಟಾರ್‌ಗಳನ್ನು ಓದುವ ಲೆಕ್ಕ

ಎರಡನೇ ಪುಸ್ತಕದ ಸರಾಸರಿ ರೇಟಿಂಗ್ ಮೊದಲನೆಯದಕ್ಕಿಂತ ಹೆಚ್ಚಿದ್ದರೆ "ಇದು ಇನ್ನೂ ಚೆನ್ನಾಗಿದೆಯಂತೆ" ಎಂದುಕೊಳ್ಳುವುದು ಸಹಜ. ಲೆಕ್ಕ ಮಾಡಿ ನೋಡಿ. ಮೊದಲನೆಯದನ್ನು 100 ಜನ ಓದಿದರು, 60 ಜನ 4 ಸ್ಟಾರ್, 40 ಜನ 2 ಸ್ಟಾರ್ ಕೊಟ್ಟರು, ಸರಾಸರಿ 3.2. ಹಿಡಿಸದ 40 ಜನ ಎರಡನೆಯದನ್ನು ಮುಟ್ಟುವುದೇ ಇಲ್ಲ. ಉಳಿದ 60ರಲ್ಲಿ 40 ಜನ ಮತ್ತೆ 4 ಕೊಟ್ಟು, 20 ಜನ "ಸ್ವಲ್ಪ ಕಡಿಮೆ" ಎಂದು 3 ಕೊಟ್ಟರೂ ಸರಾಸರಿ ಸುಮಾರು 3.67. ಒಬ್ಬರಿಗೂ ಮೊದಲನೆಯದಕ್ಕಿಂತ ಹೆಚ್ಚು ಇಷ್ಟವಾಗಿಲ್ಲ, ರೇಟಿಂಗ್ ಮಾತ್ರ ಏರಿದೆ. ಹಾಗಾಗಿ ಸ್ವಲ್ಪ ಏರಿಕೆಯನ್ನು ಲೆಕ್ಕಕ್ಕೆ ಇಡಬೇಡಿ. ಇಷ್ಟಪಟ್ಟವರೇ ಉಳಿದಿದ್ದೂ ಸರಾಸರಿ ಇಳಿದಿದ್ದರೆ, ಅದು ಗಮನಿಸಬೇಕಾದ ಸಂಗತಿ.

ದಿನಾಂಕವನ್ನೂ ನೋಡಿ. 'ದಿ ಸಟಲ್ ನೈಫ್' ಬಂದದ್ದು 1997ರಲ್ಲಿ, ಮೂರನೆಯದು 2000ದಲ್ಲಿ. ಆ ನಡುವೆ ಓದಿದವರು ಕಾಯುವ ಸಂಕಟದಲ್ಲಿ ಓದಿದರು. ಈಗ ಓದುವವರ ಕೈಗೆ ಮೂರನೆಯದು ಮರುನಿಮಿಷ ಸಿಗುತ್ತದೆ. ಒಂದೇ ಅಂತ್ಯ, ಎರಡು ಬೇರೆ ಅನುಭವ. "ನಡುವಿನದು ಯಾವಾಗಲೂ ಸಪ್ಪೆ" ಎಂಬ ಗಾದೆಯಂಥ ಮಾತನ್ನೂ ಹಾಗೇ ನುಂಗಬೇಡಿ: ಎನ್.ಕೆ. ಜೆಮಿಸಿನ್ ಅವರ ತ್ರಿವಳಿಯ ನಡುವಿನ ಪುಸ್ತಕ 'ದಿ ಒಬೆಲಿಸ್ಕ್ ಗೇಟ್' 2017ರಲ್ಲಿ, ವೈಜ್ಞಾನಿಕ ಮತ್ತು ಫ್ಯಾಂಟಸಿ ಕಥೆಗಳಿಗೆ ಮೀಸಲಾದ ಹ್ಯೂಗೋ ಪ್ರಶಸ್ತಿಯನ್ನು ಕಾದಂಬರಿ ವಿಭಾಗದಲ್ಲಿ ಪಡೆಯಿತು. ಅದರ ಹಿಂದಿನದಕ್ಕೂ ಮುಂದಿನದಕ್ಕೂ ಅದೇ ಪ್ರಶಸ್ತಿ ಬಂದಿದೆ.

ಬೇರೆಯವರ ಅಭಿಪ್ರಾಯ ಓದುವಾಗ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಕಾಣುವ 3 ಸ್ಟಾರ್‌ನವುಗಳಿಂದ ಶುರುಮಾಡಿ. ಹೊಗಳಿಕೆಗೂ ತೆಗಳಿಕೆಗೂ ಕಾರಣ ಕೊಡುವ ಅನಿವಾರ್ಯತೆ ಅವರಿಗೇ ಹೆಚ್ಚು. ಅರ್ಧಕ್ಕೆ ಕೈಬಿಟ್ಟವರು ಯಾವ ಪುಟದಲ್ಲಿ ಬಿಟ್ಟರು ಎಂದು ಹೇಳಿದ್ದರೆ ಅದೂ ಚಿನ್ನದಂಥ ಮಾಹಿತಿ.

ಬರೆದು ನೋಡಿದರೆ

ಆರಂಭದ ಆ ನಾಲ್ಕು ಸಾಲನ್ನು, ಕಲ್ಪಿತ ಪುಸ್ತಕವೊಂದಕ್ಕೆ, ಚೀಟಿ ಎದುರಿಟ್ಟುಕೊಂಡು ಬರೆದರೆ ಹೀಗಾಗುತ್ತದೆ:

"480 ಪುಟ. ಮೊದಲನೆಯದು ಮುಗಿಸಿ ಹತ್ತು ದಿನಕ್ಕೆ ಓದಿದ್ದು, ಮೂರನೆಯದು ಇನ್ನೂ ಓದಿಲ್ಲ. ಎರಡು ಎಳೆಗಳಿವೆ. ಕೋಟೆಯ ಎಳೆ ಮೊದಲಿನಿಂದ ಕೊನೆಯವರೆಗೆ ಬಿಗಿ. ಕಡಲಿನ ಎಳೆ 130ರಿಂದ 215ರವರೆಗೆ ನಿಂತಲ್ಲೇ ನಿಂತಿದೆ: ಹಡಗು ಮೂರು ಬಂದರು ಮುಟ್ಟುತ್ತದೆ, ಮೂರರಲ್ಲೂ ಸಿಗುವುದು ಒಂದೇ ಸುದ್ದಿ. ಮಾಟ ಬಳಸಿದರೆ ನೆನಪು ಅಳಿಯುತ್ತದೆ ಎಂಬ ಹಳೆಯ ನಿಯಮ 260ರ ನಂತರ ಸಡಿಲಾಗಿದೆ, ಇಲ್ಲಿಯವರೆಗೆ ವಿವರಣೆ ಇಲ್ಲ. 300ರ ಸುಮಾರಿನ ಒಂದು ನಿರ್ಧಾರ ಮೊದಲ ಪುಸ್ತಕವನ್ನೇ ಬೇರೆ ಕಣ್ಣಿನಿಂದ ನೋಡಿಸುತ್ತದೆ. ಅದೊಂದಕ್ಕಾಗಿ ಬಂದರುಗಳನ್ನು ಸಹಿಸಿಕೊಳ್ಳಬಹುದು. ಪುಸ್ತಕದ ಸ್ವಂತ ಪ್ರಶ್ನೆಗೆ ಉತ್ತರ ಸಿಗುತ್ತದೆ, ಕೊನೆಯ ಪುಟ ಮಾತ್ರ ಹೊಸ ಗಂಡಾಂತರ. 3 ಸ್ಟಾರ್."

ಸ್ಟಾರ್ ಅಷ್ಟೇ ಇದೆ. "ಒಂದು ನಿರ್ಧಾರ" ಎಂದಿದೆಯೇ ಹೊರತು ಯಾರ ನಿರ್ಧಾರ ಎಂದಿಲ್ಲ, ಯಾಕೆಂದರೆ "ರಾಣಿಯ ನಿರ್ಧಾರ" ಎಂದರೆ ಸಿಂಹಾಸನ ಯಾರಿಗೆ ಹೋಯಿತು ಎಂಬುದು ಸೋರುತ್ತದೆ.

ಮೂರನೆಯದು ಮುಗಿಸಿದ ಮೇಲೆ ಇದನ್ನು ಅಳಿಸಿ ಹೊಸದಾಗಿ ಬರೆಯಬೇಡಿ. ಎರಡನೆಯದರ ನಡುವೆ ಸಿಕ್ಕಿಬಿದ್ದವರಿಗೆ, ಮುಂದೇನಾಗುತ್ತದೆ ಎಂದು ಗೊತ್ತಿಲ್ಲದೆ ಬರೆದ ಮಾತೇ ಹೆಚ್ಚು ಉಪಯೋಗ. ಹಳೆಯದರ ಕೆಳಗೆ ದಿನಾಂಕ ಹಾಕಿ ಎರಡು ಸಾಲು ಸೇರಿಸಿ: ನಿಯಮ ಸಡಿಲಾದದ್ದಕ್ಕೆ ಕಾರಣ ಸಿಕ್ಕಿತೇ, ಆ ಮೂರು ಬಂದರುಗಳಲ್ಲಿ ಯಾವುದಾದರೂ ಮುಂದೆ ಕೆಲಸಕ್ಕೆ ಬಂತೇ.