ಟ್ರ್ಯಾಕ್ ಕಾರಿಗೆ ವೀಲ್ ತಗೊಳ್ಳೋ ಮುಂಚೆ

ಮೈಸೂರಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕ್‌ಗೆ ಕಾರು ಒಯ್ಯುವವರಿಗೆ ಒಂದು ಮಾತು. ಲುಕ್ಕಿಗೆ ಅಂತ ಸುಮ್ನೆ 17 ಇಂಚಿನ ವೀಲ್ ಹಾಕಿಸಬೇಡಿ. ಸಾಮಾನ್ಯವಾಗಿ ತೂಕ ಜಾಸ್ತಿ. ಪಿಕಪ್ಪಿಗೂ ಬ್ರೇಕಿಗೂ ಹೊರೆ. ಕ್ಯಾಲಿಪರ್‌ಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ತಗುಲದಷ್ಟು ಚಿಕ್ಕ ವೀಲ್ ಸಾಕು.

ಟೈರಿನ ಒಟ್ಟು ಎತ್ತರ ಲೆಕ್ಕ ಹಾಕಿ. 185/60 ಆರ್15 (185 ಮಿ.ಮೀ. ಅಗಲ, ಅದರ ಶೇ. 60ರಷ್ಟು ಪಕ್ಕದ ಎತ್ತರ, 15 ಇಂಚಿನ ರಿಮ್) ಆದರೆ 603 ಮಿ.ಮೀ. 195/55 ಆರ್15 ಹಾಕಿದರೆ 595.5. ಶೇ. 1ರಷ್ಟೇ ವ್ಯತ್ಯಾಸ, ಸ್ಪೀಡೋಮೀಟರ್ ಅಷ್ಟೇನೂ ತಪ್ಪು ತೋರಿಸುವುದಿಲ್ಲ. ಇನ್ನೂ ಅಗಲದ ಟೈರ್ ಬೇಕಾದರೆ ರಿಮ್ಮಿನ ಅಗಲವೂ ಹೊಂದಬೇಕು, ಅಲ್ವಾ? ಕಿರಿದಾದ ರಿಮ್ಮಿಗೆ ತುರುಕಿದರೆ ತಿರುವಿನಲ್ಲಿ ಟೈರಿನ ಪಕ್ಕ ಮಡಚಿಕೊಳ್ಳುತ್ತದೆ.

ಆಫ್‌ಸೆಟ್, ಅಂದರೆ ಕಾರಿಗೆ ಬೋಲ್ಟ್ ಆಗುವ ಮುಖ ವೀಲ್‌ನ ಅಗಲದ ನಡುಗೆರೆಯಿಂದ ಎಷ್ಟು ದೂರ ಅನ್ನೋದು, ಮರೆಯಬೇಡಿ. ನಾನು ಮರೆತು, ದಾರಿಯಲ್ಲಿ ಸಿಗುವ ದಿಂಬಂ ಘಾಟಿನ 27 ಹೇರ್‌ಪಿನ್‌ನಲ್ಲೂ ಟೈರ್ ಫೆಂಡರ್‌ಗೆ ಉಜ್ಜುವ ಸದ್ದು ಕೇಳಿಕೊಂಡೇ ಇಳಿದೆ. ದುಡ್ಡು ಕೊಡುವ ಮುಂಚೆ ಒಂದು ವೀಲ್ ಕೂರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ.