ಹುಲ್ಲುಗಾವಲಿನ ಗಿಡದ ಸೊನೆ ತಾಗಿದರೆ ಏನು ಮಾಡಬೇಕು?

ಹುಲ್ಲುಗಾವಲಿನಲ್ಲಿ ಕಳೆ ಕಿತ್ತು ಬಂದ ಮರುದಿನ ಮುಂಗೈ, ಕಣಕಾಲಿನ ಮೇಲೆ ಗೀರುಗೀರಾಗಿ ಕೆಂಪೇರಿ ಬೊಬ್ಬೆ ಎದ್ದರೆ, ಅಲರ್ಜಿ ಎಂದು ಸುಮ್ಮನಾಗಬೇಡಿ. ಹಳೆಯ ವೈದ್ಯರು ಇದಕ್ಕಿಟ್ಟ ಹೆಸರು 'ಡರ್ಮಟೈಟಿಸ್ ಬುಲ್ಲೋಸಾ ಸ್ಟ್ರಯಾಟಾ ಪ್ರಾಟೆನ್ಸಿಸ್'. ಬೊಬ್ಬೆ, ಗೀರು, ಹುಲ್ಲುಗಾವಲು ಮೂರೂ ಆ ಹೆಸರಿನಲ್ಲೇ ಇವೆ. ಈಗಿನ ಹೆಸರು ಫೈಟೊಫೋಟೊಡರ್ಮಟೈಟಿಸ್: ಗಿಡ ಮತ್ತು ಬೆಳಕು ಸೇರಿ ತರುವ ಚರ್ಮದ ಉರಿಯೂತ.

ಸೊನೆಯಲ್ಲಿರುವ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕವು ಬಿಸಿಲಿನಲ್ಲಿರುವ, 320ರಿಂದ 400 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ-ಎ ಕಿರಣ ಬಿದ್ದಾಗ ಚರ್ಮದ ಜೀವಕೋಶಗಳನ್ನು ಕೆಡಿಸುತ್ತದೆ. ಇದು ಅಲರ್ಜಿಯಲ್ಲ, ಹಾಗಾಗಿ ಯಾರಿಗಾದರೂ, ಮೊದಲ ಸಲವೇ ಆಗಬಹುದು.

ಗಿಡ ಗುರುತಿಸುವುದು ಮೊದಲ ಕೆಲಸ. ಇಂಥ ಸೊನೆ ಹೆಚ್ಚಾಗಿ ಕೊತ್ತಂಬರಿ ಕುಟುಂಬದ ಗಿಡಗಳಲ್ಲಿರುತ್ತದೆ; ಅವು ಕೊಡೆ ಬಿಚ್ಚಿದಂತೆ ಹೂ ಬಿಡುತ್ತವೆ. ಕಾಡು ಪಾರ್ಸ್ನಿಪ್‌ಗೆ ಹಳದಿ ಹೂ, ಗೆರೆಬಿದ್ದ ಕಾಂಡ. ಜೈಂಟ್ ಹಾಗ್‌ವೀಡ್‌ಗೆ ಬಿಳಿ ಹೂ, ನೇರಳೆ ಮಚ್ಚೆಯ ರೋಮಭರಿತ ಕಾಂಡ; ಆಳೆತ್ತರ ಮೀರಿ 3 ಮೀಟರ್ ದಾಟುತ್ತದೆ.

ಕೀಳುವಾಗ ತುಂಬುತೋಳು, ಉದ್ದ ಪ್ಯಾಂಟ್, ನೀರು ಹೀರದ ಕೈಗವಸು ಇರಲಿ. ಬಟ್ಟೆಯ ಕೈಗವಸು ಸೊನೆ ಹೀರಿ ಅದನ್ನೇ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಬಳಸಿದರೆ ಸೊನೆಯ ಹನಿ ಮುಖಕ್ಕೂ ಸಿಡಿಯುತ್ತದೆ, ಕನ್ನಡಕ ಬಿಡಲೇಬೇಡಿ.

ಸೊನೆ ತಾಗಿತೇ? ಕೂಡಲೇ ನೆರಳಿಗೆ ಬನ್ನಿ. ಸಾಬೂನು ಹಚ್ಚಿ ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೊನೆ ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಹೆಚ್ಚಿನವರು ಎಡವುವುದು ಇದರ ನಂತರ: ತೊಳೆದಾಯಿತಲ್ಲ ಎಂದು ಮತ್ತೆ ಬಿಸಿಲಿಗಿಳಿಯುತ್ತಾರೆ. ಅಷ್ಟರಲ್ಲಿ ಚರ್ಮದೊಳಗೆ ಇಳಿದದ್ದು ತೊಳೆದರೆ ಹೋಗದು. ಕನಿಷ್ಠ 48 ಗಂಟೆ ಆ ಭಾಗವನ್ನು ದಪ್ಪ ಬಟ್ಟೆಯಿಂದ ಮುಚ್ಚಿಡಿ. ಆರಂಭದಲ್ಲಿ ತುರಿಕೆ, ಉರಿ ಏನೂ ಇರದಿದ್ದರೂ ನಂಬಬೇಡಿ. ಕೆಂಪು ಕಾಣುವುದು ಸುಮಾರು 24 ಗಂಟೆಯ ಮೇಲೆ, ತೀವ್ರವಾಗುವುದು ಎರಡು-ಮೂರು ದಿನಕ್ಕೆ.

ಬೊಬ್ಬೆ ಎದ್ದರೆ ಒಡೆಯದೆ ತಣ್ಣೀರು ಪಟ್ಟಿ ಇಡಿ. ಒಡೆದರೆ ಸೋಂಕು ತಗಲಬಹುದು. ಕಣ್ಣಿಗೆ ಸೊನೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು, ಬೆಳಕು ತಾಗದಂತೆ ಮರೆಮಾಡಿ ತಕ್ಷಣ ಆಸ್ಪತ್ರೆಗೆ ಹೋಗಿ. ಬೊಬ್ಬೆ ದೊಡ್ಡದಾದರೆ, ಕೀವು ತುಂಬಿದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಲೇಬೇಕು. ಗಿಡದ ಫೋಟೊ ಒಯ್ದು, ಎಷ್ಟು ಹೊತ್ತು ಬಿಸಿಲಿನಲ್ಲಿದ್ದಿರಿ ಎಂಬುದನ್ನೂ ಹೇಳಿ. ಹೇಳದೇ ಹೋದರೆ ವೈದ್ಯರು ಇದನ್ನು ಸುಟ್ಟ ಗಾಯವೆಂದೇ ತಿಳಿಯುವ ಸಾಧ್ಯತೆ ಇದೆ.