ಮೈಕ್ ಸೆಟ್ಟಿನ ವಾಲ್ವ್ ಆಂಪ್ಲಿಫೈಯರ್‌ಗೆ ಗಿಟಾರ್ ಹಾಕಿದ್ದು

ಬಳ್ಳಾರಿಯ ಕೌಲ್ ಬಜಾರ್ ಕಡೆ ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹಿರಿಯರೊಬ್ಬರ ಅಟ್ಟದಲ್ಲಿ ಈ ವಾಲ್ವ್ ಆಂಪ್ಲಿಫೈಯರ್ ಬಿದ್ದಿತ್ತು. ವಾಲ್ವ್ ಅಂದರೆ ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ಟ್ಯೂಬು. ಬಯಲಾಟ, ಮದುವೆ, ಜಾತ್ರೆ ಎಲ್ಲ ಕಂಡ ಸೆಟ್ಟು. ಮೊದಲ ಹಂತಕ್ಕೆ ಇಸಿಸಿ 83 ಅನ್ನೋ ವಾಲ್ವ್ ಒಂದು, ಸ್ಪೀಕರ್ ನುಡಿಸುವ ಔಟ್‌ಪುಟ್‌ಗೆ ಇಎಲ್ 84 ವಾಲ್ವ್ ಎರಡು. "ತಗೊಂಡ್ ಹೋಗಪ, ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕಾದ್ರೂ ರೇಟ್ ಐತಿ" ಅಂದರು.

ಇಂಥದ್ದು ಸಿಕ್ಕರೆ ಸುಮ್ನೆ ಪ್ಲಗ್ ಹಾಕಿ ಆನ್ ಮಾಡಬೇಡಿ. ಒಳಗೆ 300 ವೋಲ್ಟ್ ಡಿಸಿ ಓಡಾಡುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಜೀವ ತೆಗೆಯುವಷ್ಟು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ನೋಡಿದ ಮೇಲೇ ನಾನು ಕೈ ಹಾಕೋದು. ಹಳೇ ಎರಡು ಎಳೆಯ ವೈರ್ ಕಿತ್ತು, ಅರ್ಥಿಂಗ್ ಇರುವ ತ್ರೀ ಪಿನ್ ಹಾಕಿದೆ. ಒಣಗಿದ್ದ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಬದಲಾಯಿಸಿ, ಮೇನ್ಸ್ ದಾರಿಯಲ್ಲಿ ಒಂದು ಬಲ್ಬನ್ನು ಸೀರೀಸ್‌ನಲ್ಲಿ ಸೇರಿಸಿ ಕರೆಂಟ್ ಕೊಟ್ಟೆ. ಬಲ್ಬ್ ಒಮ್ಮೆ ಜೋರಾಗಿ ಹತ್ತಿ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ.

ಆಮೇಲೆ ಇಎಲ್ 84 ಎರಡನ್ನೂ ತೆಗೆದು ಸಾಕೆಟ್ಟಿನ 2ನೇ ಪಿನ್ನಿಗೆ ಮೀಟರ್ ಇಟ್ಟೆ. ಅದು ಗ್ರಿಡ್, ಅಂದರೆ ವಾಲ್ವಿಗೆ ಸಿಗ್ನಲ್ ಒಳಬರುವ ಜಾಗ; ಅಲ್ಲಿ ಸೊನ್ನೆ ತೋರಿಸಬೇಕು, ಆದರೆ ಪಾಸಿಟಿವ್ ವೋಲ್ಟೇಜ್ ಬರುತ್ತಿತ್ತು. ಹಿಂದಿನ ಹಂತದ ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡಬೇಕಾದ ಹಳೇ ಪೇಪರ್ ಕೆಪಾಸಿಟರ್‌ಗಳು ಲೀಕ್ ಆಗುತ್ತಿವೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಹಾಗೇ ಬಿಟ್ಟರೆ ವಾಲ್ವ್ ಕೆಂಪಗೆ ಕಾದು ಸಾಯುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಕರೆದೊಯ್ಯಬಹುದು. ಅವುಗಳ ಜಾಗಕ್ಕೆ 630 ವೋಲ್ಟಿನ 0.022 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಹಾಕಿದೆ.

ಇಷ್ಟಾದರೂ ಗಿಟಾರ್ ಹಾಕಿದರೆ ಸಪ್ಪೆ. ವಾಲ್ಯೂಮ್ ಏರಿಸುತ್ತಾ ಹೋದರೆ ಒಂದು ಹಂತದವರೆಗೆ ನೀಟಾಗಿ ಕೇಳಿ, ಆಮೇಲೆ ಒಮ್ಮೆಲೇ ಕರ್ಕಶ. ಇದಕ್ಕೆ ಕಾರಣ ನೆಗೆಟಿವ್ ಫೀಡ್‌ಬ್ಯಾಕ್. ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ತಂದು ಉಲ್ಟಾ ಸೇರಿಸಿ, ಸ್ವರ ಒಡೆಯದಂತೆ ಹಿಡಿದಿಡುವ ಏರ್ಪಾಡು ಅದು. ಭಾಷಣಕ್ಕೆ ಸರಿ. ಗಿಟಾರಿಗೆ ನಮಗೆ ಬೇಕಾಗಿರೋದೇ ಆ ಒಡೆತ, ಅಲ್ವಾ? ಆ ವೈರಿಗೊಂದು ಸ್ವಿಚ್ ಕೂರಿಸಿದೆ. ಆಫ್ ಮಾಡಿದ ಕೂಡಲೇ ಸೌಂಡ್ ಏರಿತು, ಟ್ರೆಬಲ್ ಬಿಚ್ಚಿಕೊಂಡಿತು. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಹೊಡೆದರೆ ನಿಧಾನಕ್ಕೆ ಗೊಗ್ಗರು ಹತ್ತುತ್ತದೆ, ವಾಲ್ಯೂಮ್ ಗುಂಡಿ ಮುಟ್ಟುವ ಕೆಲಸವೇ ಇಲ್ಲ.

ಬಾಸ್ ಮಾತ್ರ ಇನ್ನೂ ಕಲಸುಮೇಲೋಗರವಾಗಿತ್ತು. ಮೊದಲ ಸ್ಟೇಜಿನ ಕ್ಯಾಥೋಡ್‌ನಲ್ಲಿದ್ದ (ವಾಲ್ವಿನ ಇನ್ನೊಂದು ಪಿನ್) 25 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದು, ಬಾಸ್ ಕಮ್ಮಿ ಮಾಡುವ 0.68ರದ್ದು ಹಾಕಿದೆ, ದಪ್ಪ ತಂತಿ ಬಿಡಿಬಿಡಿಯಾಗಿ ಕೇಳತೊಡಗಿತು. ಚಿಲ್ಲರೆ ಕಾಸಿನ ಕೆಲಸ. ದುಬಾರಿ ವಿದೇಶಿ ವಾಲ್ವ್ ಹಾಕಿದರೆ ಸೌಂಡ್ ಬದಲಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಿವಿಗೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಂಪನಿಯ ಹಳೇ ಇಸಿಸಿ 83ಯೇ ಸಾಕು.

ಸ್ಪೀಕರ್ ವಿಷಯ: ಹಾರ್ನ್ ನಡೆಯಲ್ಲ. 12 ಇಂಚಿನ ಸ್ಪೀಕರನ್ನು ಹಿಂಬದಿ ತೆರೆದ ಪ್ಲೈವುಡ್ ಡಬ್ಬಿಯಲ್ಲಿ ಕೂರಿಸಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ 8 ಓಮ್ ಟ್ಯಾಪಿಗೆ ಕೊಟ್ಟಿದ್ದೇನೆ. ಸ್ಪೀಕರ್ ಇಲ್ಲದೆ ಇದನ್ನು ಯಾವತ್ತೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಈಗ ಬಾಕಿ ಇರೋದು ಸಣ್ಣ ಹಮ್, ಗುಂಯ್ ಅನ್ನೋ ಸದ್ದು ಒಂದೇ. ವಾಲ್ವ್ ಕಾಯಿಸುವ ಹೀಟರ್ ವೈರುಗಳನ್ನು ಇನ್ನೂ ಬಿಗಿಯಾಗಿ ಹೆಣೆಯಬೇಕು, ಈ ಬೇಸಿಗೆ ಇಳಿಯಲಿ.